ಪಾಕ ನೋಡೂ ಬೆರಳ

ಮಾಲಿಂಗಪುರದ ಬೆಲ್ಲದ ಪ್ಯಾಟಿ ಹಿಂದ
ಮೂರು ಮೆಟ್ಟಲ ಏರಿದ್ರ ನನ್ನ ಲ್ಯಾಬು.
ಮುಂಜಾನಿ ಆರೂವರಿಗೆ ಶಟರ್ ಎತ್ತೂದ್ರಾಗ
ಕಟ್ಟಿ ಮ್ಯಾಲ ಎಂಟ್ಹತ್ತು ಖಾಲಿ ಹೊಟ್ಟಿ ಕುಂತಿರತಾವ
ಮುಖಾ ತೊಳಕೊಂಡು, ಬಾಯಿ ಬಿಗಿದುಕೊಂಡು,
ತೊಡಿ ಮ್ಯಾಲ ಒಂದೊಂದು ಥರ್ಮಾಸು.
"ರಗತ ಕೊಟ್ಟ ಕೂಡ್ಲೆ ಚಾ ಕುಡೀಬೌದಲ್ರಿ?"

"ಶುಗರ್ ಬಂದೈತಿ" ಅಂತಾರ ನಮ್ಮ ಮಂದಿ,
ಬೀಗರು ಬಂದಾರ ಅಂದಂಗ.
ಬಂದವರಿಗೆ ಮೊದಲ ತಂಬಿಗಿ ನೀರು,
ಒಂದು ತುಣುಕು ಬೆಲ್ಲ ಕೊಡೂ ಊರಿದು.
ಈ ಬೀಗ ನೀರು ಮುಟ್ಟಲಿಲ್ಲ.
ಬೆಲ್ಲ ತಿಂದು ಒಳಗ ಹೋಗಿ ಮಲಗಿದಾಂವ
ಯಾರ ಮನ್ಯಾಗಿಂದೂ ಇನ್ನೂ ಎದ್ದಿಲ್ಲ.

ನಮ್ಮವ್ವ ರೇಶನ್ ಸಕ್ರಿ ಟ್ರಂಕಿನ್ಯಾಗ ಇಟ್ಟು
ಕೀಲಿ ಸೆರಗಿಗೆ ಕಟಗೋತಿದ್ಲು.
ನನ್ನ ಅಡಗಿ ಮನ್ಯಾಗ ಐದು ಕಿಲೋದ ಚೀಲ
ಬಾಯಿ ತೆರಕೊಂಡ ನಿಂತೈತಿ.
ಅದರ ಬಾಯೀನೂ ಯಾರೂ ಕಟ್ಟೂದಿಲ್ಲ.

ಇವತ್ತ ದಾವಲಸಾಬ ಕಾಕಾ ಬಂದ.
ನಲವತ್ತು ಹಂಗಾಮ ಗಾಣದಾಗ ಪಾಕ ನೋಡಿದಾಂವ.
ತಣ್ಣೀರಾಗ ಅದ್ದಿದ ಬೆರಳ ಕುದಿಯೂ ಕಡಾಯಿಗೆ ಬಡದು
ಹೆಬ್ಬೆರಳಿಗೆ ತಿಕ್ಕಿ, ಎಳಿ ಎಳದು,
ಕಣ್ಣ ಮುಚ್ಚಿ ಹೇಳತಿದ್ದನಂತ:
"ಹೊಕ್ಕೈತಿ. ಉರಿ ತಗೀರಿ."
ಒಂದು ಉಸಿರು ತಡ ಆದ್ರ ಬೆಲ್ಲ ಕರ್ರಗ,
ಒಂದು ಉಸಿರು ಮೊದಲಾದ್ರ ಪೆಂಟಿ ಕೂಡಂಗಿಲ್ಲ.

ಆ ಬೆರಳಿಗೆ ನನ್ನ ಸೂಜಿ ಇಳೀಲಿಲ್ಲ.
ಎರಡು ಸಲ ಚುಚ್ಚಿದ್ನಿ. ಅಂವ ನಕ್ಕ:
"ಅದಕ್ಕೇನೂ ತಿಳಿಯೂದಿಲ್ಲ ಬೇ ತಂಗಿ. ಪಾದಕ್ಕೂ ಹಂಗ.
ಮೊನ್ನೆ ಎಡಗಾಲ ಚಪ್ಪಲಿ ಬಸ್ ಸ್ಟ್ಯಾಂಡಿನ್ಯಾಗ ಉಳೀತು,
ಮನಿಗೆ ಬಂದ ಮ್ಯಾಲ ಮೊಮ್ಮಗಳು ಹೇಳಿದ್ಲು."
ಮೂರನೇದಕ್ಕ ಹನಿ ಬಂತು. ಮುನ್ನೂರಾ ಹನ್ನೆರಡು.

"ಬೆಲ್ಲ ಏನೂ ಮಾಡಂಗಿಲ್ಲಲ್ಲ? ಸಕ್ರಿನ ಅಲ್ಲ ಮಾಡೂದು?"
ನಾ ಗೋಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದ್ನಿ.
ಮಶಿನ್ನಿಗೆ ಕುಲಗೋತ್ರ ತಿಳಿಯಂಗಿಲ್ಲ.
ಬೆಲ್ಲದ್ದು, ಸಕ್ರೀದು, ಬೇಕರಿ ಕ್ರೀಮಿಂದು,
ಇಪ್ಪತ್ತು ರೂಪಾಯಿ ಬಾಟ್ಲಿಯ ಕೇಸರಿ ನೀರಿಂದು,
"ಸಕ್ರಿ ಜರಾ ಮುಂದ ಮಾಡ್ರಿ" ಅಂದ ಚಾದ್ದು,
ತೊಟ್ಟಲದಾಗ ಹಾಕಿದ ದಿನ, ಮನಿ ಹೊಕ್ಕ ದಿನ,
ಪಂಚಾಯ್ತಿ ಗೆದ್ದಾಂವ ಹಂಚಿದ ಪೇಢೇದು
ಎಲ್ಲಾ ಕೂಡಿ ಒಂದ ಹನಿ.

ಪಾಳ್ಯಾಗ ಮುಂದಿನಾಂವ ಆರನೇತ್ತಾ ಹುಡುಗ.
ಅಜ್ಜಿ ಅಂದ್ಲು: "ರಾತ್ರಿ ನಾಕು ಸಲ ಏಳತಾನ್ರಿ.
ಬಚ್ಚಲಕ್ಕ ಇರಿವಿ ಹತ್ತಾವು."
ನನಗಿಂತ ಮೊದಲ ಇರಿವಿಗೆ ರಿಪೋರ್ಟ್ ಸಿಕ್ಕಿತ್ತು.
ನೂರಾ ಎಂಬತ್ತಾರು.
ಹುಡುಗ ಇಣುಕಿ ಕೇಳಿದ: "ಎಷ್ಟಕ್ಕ ಎಷ್ಟ್ರಿ ಅಕ್ಕಾರ?"
ನೂರಕ್ಕ, ಅಂದ್ನಿ.
"ಹೌದ?" ಕುಣಕೊಂತ ಅಜ್ಜಿಗೆ ಹೇಳಾಕ ಓಡಿ
ಕುಣಕೊಂತ ಹೊಳ್ಳಿ ಬಂದ.

ಚುಚ್ಚಿಸ್ಕೊಂಡ ಮಕ್ಕಳಿಗೆ ಅಂತ
ಹನ್ನೊಂದು ವರ್ಷದಿಂದ ಟೇಬಲ್ ಮ್ಯಾಲ
ಚಾಕಲೇಟಿನ ಡಬ್ಬಿ ಇಟ್ಟೇನಿ.
ರೂಢಿಲೆ ಮುಚ್ಚಳ ತಗದಿದ್ನಿ.
ಕೈ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.
ಹುಡುಗ ನನ್ನ ನೋಡಲಿಲ್ಲ, ಡಬ್ಬಿ ನೋಡಿದ.

ದಾವಲಸಾಬ ಕಾಕಾ ಇನ್ನೂ ಎದ್ದಿದ್ದಿಲ್ಲ.
ನಾ ಕೊಟ್ಟ ಹತ್ತಿ ಬದಿಗಿಟ್ಟು
ಉಳಿದ ಹನಿ ಹೆಬ್ಬೆರಳಿಗೆ ತಿಕ್ಕಿದ.
ನಿಧಾನಕ ಅಗಲ ಮಾಡಿದ. ಟ್ಯೂಬ್‌ಲೈಟಿಗೆ ಹಿಡಿದ.
ಕಣ್ಣ ಮುಚ್ಚಿದ.
ಮೂಲ್ಯಾಗ ಫ್ರಿಜ್ಜು ಗುಂಯ್ ಅಂತಿತ್ತು.

"ಉರಿ ತಗೀರಿ" ಅಂದ.

ಯಾರಿಗೆ ಅಂದ್ನೋ.
ಯಾವದೋ ಹಳೇ ಹಂಗಾಮದಾಗ
ಒಲಿ ಮುಂದ ರವದಿ ತುರುಕಿಕೊಂತ ಕುಂತ ಆಳಿಗೆ ಇರಬೇಕು.
ಹೊರಗ ಕಟ್ಟಿ ಮ್ಯಾಲ
ಥರ್ಮಾಸಿನ ಮುಚ್ಚಳ ತಿರುವೂ ಸಪ್ಪಳ,
ಒಂದು, ಆಮ್ಯಾಲ ಇನ್ನೊಂದು.